ಡೊಮೇನಿನ ವಯಸ್ಸು ಯಾವ ದಾಖಲೆಯಲ್ಲಿದೆ?

ಬಾದಾಮಿಯ ಮೂರನೆಯ ಗುಹೆಯ ವಯಸ್ಸಿನ ಬಗ್ಗೆ ತಕರಾರಿಲ್ಲ. ಚಾಲುಕ್ಯ ಮಂಗಲೇಶನ ಶಾಸನದಲ್ಲಿ ಶಕ ವರ್ಷ 500, ಅಂದರೆ ಕ್ರಿ.ಶ. 578 ಎಂದು ಕೆತ್ತಿದೆ. ಜಾಲತಾಣಕ್ಕೆ ಅಂಥ ಒಂದೇ ಸಾಕ್ಷಿ ಇರುವುದಿಲ್ಲ. ಇಳಕಲ್ಲಿನ ಸೀರೆ ಅಂಗಡಿಯವರೊಬ್ಬರು, ‘ಹಳೇ ಡೊಮೇನ್ ತೊಗೊಂಡ್ರ ಗೂಗಲ್‌ನ್ಯಾಗ ಮ್ಯಾಲ ಬರತೈತಂತ, ಖರೇ ಏನ್ರಿ?’ ಎಂದು ಕೇಳಿದರು. ಮಗ್ಗ ನಂಬಿದವರ ದುಡ್ಡಿನ ಪ್ರಶ್ನೆ ಅದು. ದಾಖಲೆ ನೋಡಿಯೇ ಉತ್ತರಿಸಬೇಕಿತ್ತು.

ಹಳೆಯದಕ್ಕೆ ಮೇಲುಗೈ ಎನ್ನುವವರು ತೋರಿಸುವುದು 2003ರ ಡಿಸೆಂಬರ್ 31ರಂದು ಗೂಗಲ್ ಸಲ್ಲಿಸಿದ ಪೇಟೆಂಟ್ ಅರ್ಜಿಯನ್ನು. ಅನುರಾಗ್ ಆಚಾರ್ಯ, ಜೆಫ್ ಡೀನ್, ಮ್ಯಾಟ್ ಕಟ್ಸ್ ಮೊದಲಾದವರ ಹೆಸರಿನ ಅದು 2008ರಲ್ಲಿ ಮಂಜೂರಾಯಿತು. ಪುಟ ಹುಟ್ಟಿದ ದಿನವನ್ನು ಲೆಕ್ಕಕ್ಕೆ ಹಿಡಿಯಬಹುದು ಎಂದು ಅದರಲ್ಲಿರುವುದು ನಿಜ. ಆದರೆ ಅಲ್ಲಿಯ ಉದಾಹರಣೆಯನ್ನು ಓದಬೇಕು: ನಿನ್ನೆ ಹುಟ್ಟಿ 10 ಲಿಂಕ್ ಪಡೆದ ಪುಟವು, 10 ವರ್ಷದ ಹಿಂದೆ ಹುಟ್ಟಿ 100 ಲಿಂಕ್ ಪಡೆದ ಪುಟಕ್ಕಿಂತ ಹೆಚ್ಚು ಅಂಕ ಗಳಿಸಬಹುದು, ಏಕೆಂದರೆ ಅದರ ಲಿಂಕ್‌ಗಳು ಬೆಳೆದ ವೇಗ ಹೆಚ್ಚು. ವಯಸ್ಸಿನ ಪರ ಹಾಜರುಪಡಿಸುವ ಕಾಗದವೇ ಹೀಗೆ ಎದುರು ಸಾಕ್ಷಿ ನುಡಿಯುತ್ತದೆ. ಪೇಟೆಂಟಿನಲ್ಲಿ ಇದ್ದದ್ದೆಲ್ಲ ಬಳಕೆಗೆ ಬಂದಿದೆ ಎಂದೂ ಅಲ್ಲ.

ಆರು ತಿಂಗಳ ಮತ್ತು ಒಂದು ವರ್ಷದ ಡೊಮೇನಿನ ನಡುವೆ ದೊಡ್ಡ ವ್ಯತ್ಯಾಸವಿಲ್ಲ ಎಂದು ಕಟ್ಸ್ 2010ರಲ್ಲಿ ಹೇಳಿದರು. ಗೂಗಲ್‌ನ ಜಾನ್ ಮುಲ್ಲರ್ 2019ರಲ್ಲಿ, ಡೊಮೇನಿನ ವಯಸ್ಸಿನಿಂದ ಏನೂ ಲಾಭವಿಲ್ಲ ಎಂದರು. 2024ರ ಮೇ ತಿಂಗಳಲ್ಲಿ ಸೋರಿದ ಕಂಪನಿಯ ಕಡತಗಳಲ್ಲಿ ಮಾತ್ರ ‘ಹೋಸ್ಟ್‌ಏಜ್’ ಎಂಬ ಅಂಶ ಸಿಕ್ಕಿತು. ಅದರ ವಿವರಣೆ ಮುಖ್ಯ: ಆ ತಾಣದ ಪುಟಗಳು ಗೂಗಲ್ ಕಣ್ಣಿಗೆ ಮೊದಲು ಬಿದ್ದ ದಿನ, ಹೊಸ ಸ್ಪ್ಯಾಮ್ ತಡೆಯುವುದಕ್ಕೆ. ಹಳಬರಿಗೆ ಬಹುಮಾನ ಕೊಡುವ ಮಾತು ಆ ವಿವರಣೆಯಲ್ಲಿಲ್ಲ.

ಅಂದಮೇಲೆ ನೋಂದಣಿ ದಾಖಲೆಯ ದಿನ ಬೇರೆ, ಇಂಟರ್ನೆಟ್ ಆರ್ಕೈವ್ ಮೊದಲ ಪ್ರತಿ ತೆಗೆದ ದಿನ ಬೇರೆ, ಗೂಗಲ್ ಕಂಡ ದಿನ ಬೇರೆ. ಹಳೇ ಡೊಮೇನ್ ಮಾರುವವರು ತೋರಿಸುವುದು ಮೊದಲನೆಯದನ್ನು.

ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯ ವ್ಯಾಪಾರಿಯ ಹಿಂದೆ ಅವನ ಗಿರಾಕಿಗಳೂ ಬಂದಾರು. ಬಿಟ್ಟ ಮನೆಯ ನಂಬರನ್ನು ಬೇರೊಬ್ಬ ಬರೆದುಕೊಂಡರೆ ಅವನಿಗೇನು ಸಿಕ್ಕೀತು? ಹಳೇ ಡೊಮೇನ್ ಕೊಳ್ಳುವುದೂ ಹಾಗೆಯೇ. ಅವಧಿ ಮುಗಿದ ಡೊಮೇನ್ ಕೊಂಡು, ಹುರುಳಿಲ್ಲದ ಪುಟ ತುಂಬಿ ಮೇಲೇರಲು ನೋಡುವುದನ್ನು ಗೂಗಲ್ 2024ರ ಮಾರ್ಚಿನಲ್ಲಿ ಸ್ಪ್ಯಾಮ್ ನಿಯಮಗಳಲ್ಲಿಯೇ ಸೇರಿಸಿತು. ಹಳೇ ಡೊಮೇನಿಗೆ ಸುರಿಯುವ ದುಡ್ಡಿನಲ್ಲಿ ಇಳಕಲ್ ಸೀರೆಯ ಚಿಕ್ಕಿ ಪರಾಸ ದಡಿ, ಟೋಪ್ ತೆನಿ ಸೆರಗಿನ ನೇಯ್ಗೆಯನ್ನು ಚಿತ್ರಸಹಿತ ಕನ್ನಡದಲ್ಲಿ ವಿವರಿಸುವ ಪುಟಗಳನ್ನು ಮಾಡಿಸಬಹುದು. ಹುನಗುಂದ, ಇಳಕಲ್ಲಿನ ನೇಕಾರರಷ್ಟು ಅದನ್ನು ಬಲ್ಲವರು ಬೇರೆಲ್ಲಿದ್ದಾರೆ?