ಫ್ಯೂಸ್ ಕಣ್ಣಿಗೆ ಬೀಳದ ಕಿಡಿ

ಹೋದ ತಿಂಗಳು ನನ್ನ ಎಲೆಕ್ಟ್ರಿಕ್ ಸ್ಕೂಟರ್ ದಾರಿ ಮಧ್ಯೆ ನಿಂತೋಯ್ತು. ಸೀಟು ಎತ್ತಿ ನೋಡಿದ್ರೆ ಬ್ಯಾಟರಿ ಕನೆಕ್ಟರ್ ಕರಕಲು. ಮೆಕ್ಯಾನಿಕ್ ಹೇಳಿದ್ದು ಒಂದೇ ಮಾತು: "ಫ್ಯೂಸ್ ಚೆನ್ನಾಗೇ ಇದೆ, ಗುರು." ಹಾಗಾದ್ರೆ ಫ್ಯೂಸ್ ಇರೋದ್ಯಾಕೆ? ನಾನು ಬಿ.ಕಾಂ ಓದಿದವನು. ಉತ್ತರ ಹುಡುಕ್ತಾ ಹೋದ್ರೆ ಕಾರುಗಳ ಹಳೇ ಚರಿತ್ರೆಯೇ ಸಿಕ್ತು.

1950ರ ದಶಕದ ಮಧ್ಯದವರೆಗೂ ಅಮೆರಿಕದ ಹೆಚ್ಚಿನ ಕಾರುಗಳಲ್ಲಿ ಇದ್ದದ್ದು 6 ವೋಲ್ಟ್. ದೊಡ್ಡ ಎಂಜಿನ್‌ಗಳಿಗೆ ಅದು ಸಾಲಲಿಲ್ಲ. 12 ವೋಲ್ಟ್ ಬಂತು. ಇದರಲ್ಲೊಂದು ಅನುಕೂಲ ಇತ್ತು. ತಾಮ್ರದ ಎರಡು ತುದಿಗಳ ನಡುವೆ ಕಿಡಿ ಆರದೆ ಉರಿಯೋಕೆ ಸುಮಾರು 13 ವೋಲ್ಟ್ ಆದ್ರೂ ಬೇಕು. ಹಾಗಾಗಿ 12 ವೋಲ್ಟ್ ಕಾರಲ್ಲಿ ವೈರ್ ಸಡಿಲವಾದ್ರೆ ಕಿಡಿ ಹಾರುತ್ತೆ, ಆದ್ರೆ ಸಾಮಾನ್ಯವಾಗಿ ತಕ್ಷಣ ಆರುತ್ತೆ.

1990ರ ದಶಕದಲ್ಲಿ ಕಾರಿನೊಳಗೆ ವಿದ್ಯುತ್ ಉಪಕರಣಗಳು ಹೆಚ್ಚಾದವು. ಅಮೆರಿಕದ ಎಂಐಟಿ ಮತ್ತು ಕಾರು ಕಂಪನಿಗಳು ಸೇರಿ 42 ವೋಲ್ಟಿನ ಯೋಜನೆ ಹಾಕಿದವು. ಲೆಕ್ಕ ಸರಳ: ವೋಲ್ಟ್ ಮೂರು ಪಟ್ಟಾದರೆ ಅದೇ ಕೆಲಸಕ್ಕೆ ಕರೆಂಟ್ ಮೂರನೇ ಒಂದು ಭಾಗ ಸಾಕು, ವೈರ್ ತೆಳುವಾಗುತ್ತೆ. 2001ರಲ್ಲಿ ಟೊಯೊಟಾ ಜಪಾನಿನಲ್ಲಿ ಇಂಥ ಕ್ರೌನ್ ಕಾರನ್ನೂ ಮಾರಿತು.

ಆದರೆ 42 ವೋಲ್ಟಿನಲ್ಲಿ ಕಿಡಿ ಆರಲ್ಲ. ಅದು ಆರ್ಕ್ ಆಗಿ ನಿಲ್ಲುತ್ತೆ; ಶಾಖ ಸಾವಿರಾರು ಡಿಗ್ರಿ. ತಾಮ್ರ ಕರಗೋದು 1085 ಡಿಗ್ರಿಗೇ. ಫ್ಯೂಸ್ ನೋಡೋದು ಕರೆಂಟ್ ಮಿತಿ ಮೀರಿತಾ ಅಂತ ಮಾತ್ರ. ಸಡಿಲ ಜಾಯಿಂಟಿನ ಆರ್ಕ್‌ನಲ್ಲಿ ಕರೆಂಟ್ ಮೊದಲಿಗಿಂತ ಕಮ್ಮಿಯೇ ಆಗುತ್ತೆ. ಫ್ಯೂಸ್ ಪಾಲಿಗೆ ಎಲ್ಲ ಸರಿಯಾಗೇ ಇದೆ! ಸ್ವಿಚ್, ರಿಲೇ, ಕನೆಕ್ಟರ್ ಎಲ್ಲವನ್ನೂ ಹೊಸದಾಗಿ ಮಾಡಬೇಕಾಯ್ತು. ಖರ್ಚು ಏರಿತು, ಯೋಜನೆ ಮೂಲೆ ಸೇರಿತು.

ಎಲೆಕ್ಟ್ರಿಕ್ ಕಾರುಗಳು ನೂರಾರು ವೋಲ್ಟಿಗೆ ಹೋದಾಗ ಇಂಟರ್‌ಲಾಕ್ ಅನ್ನೋ ಉಪಾಯ ಬಂತು. ಕನೆಕ್ಟರ್ ಎಳೆದರೆ ಅದರಲ್ಲಿರೋ ಸಣ್ಣ ಸಿಗ್ನಲ್ ಪಿನ್ ಮೊದಲು ಬಿಡುತ್ತೆ. ದೊಡ್ಡ ಪಿನ್‌ಗಳು ಬೇರೆಯಾಗೋ ಮುಂಚೆಯೇ ಕರೆಂಟ್ ನಿಲ್ಲುತ್ತೆ.

ನನ್ನ 60 ವೋಲ್ಟ್ ಸ್ಕೂಟರಲ್ಲಿ ಅದು ಇರಲಿಲ್ಲ. ಬ್ಯಾಟರಿಯನ್ನ ಮೂರನೇ ಮಹಡಿಗೆ ಹೊತ್ತು ಚಾರ್ಜ್ ಮಾಡೋ ಅವಸರದಲ್ಲಿ, ಕೀ ಆನ್ ಇರುವಾಗಲೇ ದಿನಾ ಕನೆಕ್ಟರ್ ಎಳೀತಿದ್ದೆ. ಪ್ರತಿ ಸಲ ಒಂದು ಕಿಡಿ, ಪಿನ್ ಮೇಲೆ ಒಂದು ಗುಳಿ.

ಅದಕ್ಕೇ ಹೇಳೋದು: ಮೊದಲು ಕೀ ಆಫ್, ಆಮೇಲೆ ಕನೆಕ್ಟರ್. ಕಪ್ಪಾದ ಕನೆಕ್ಟರಿಗೆ ಟೇಪ್ ಸುತ್ತಿ ಓಡಿಸಬೇಡಿ, ಬದಲಾಯಿಸಿ. ಫ್ಯೂಸ್ ಸುಟ್ಟಿಲ್ಲ ಅಂದ್ರೆ ತೊಂದರೆ ಇಲ್ಲ ಅಂತಲ್ಲ. ಮುಂದಿನ ಎಪಿಸೋಡಲ್ಲಿ ಸಿಗೋಣ.