ಸಂತ ಮೇರಿ ಆರ್ಥೊಡಾಕ್ಸ್ ಸಿರಿಯನ್ ಇಗರ್ಜಿ, ಬ್ರಹ್ಮಾವರ

ಗೋವೆಯಿಂದ ವಲಸೆ ಬಂದು ಈ ಕರಾವಳಿಯಲ್ಲಿ ಬೇರೂರಿದ ಕೊಂಕಣಿ ಕ್ರೈಸ್ತರು ಬಹುಕಾಲ ಪೋರ್ಚುಗೀಸ್ ಧರ್ಮಾಧಿಕಾರಕ್ಕೆ ಅಧೀನರಾಗಿದ್ದು, 1886ರಲ್ಲಿ ಪೋರ್ಚುಗಲ್ಲಿಗೂ ರೋಮಿನ ಪೀಠಕ್ಕೂ ಏರ್ಪಟ್ಟ ಒಡಂಬಡಿಕೆಯಿಂದ ಆ ಹಳೆಯ ವ್ಯವಸ್ಥೆ ಕುಗ್ಗಿದಾಗ, ಅದನ್ನೊಪ್ಪದ ಕೆಲವು ಕುಟುಂಬಗಳು ಬ್ರಹ್ಮಾವರದಲ್ಲಿ ಪ್ರತ್ಯೇಕವಾಗಿ ನಿಂತುವು. 1889ರಲ್ಲಿ ಕೊಟ್ಟಾಯಂನಲ್ಲಿ ಕೇರಳದ ಮಲಂಕರ ಆರ್ಥೊಡಾಕ್ಸ್ ಸಿರಿಯನ್ ಸಭೆಯಿಂದ ಬಿಷಪ್ ದೀಕ್ಷೆ ಪಡೆದ ಗೋವೆಯ ಅಲ್ವಾರಿಸ್ ಮಾರ್ ಜೂಲಿಯಸರು ಅವರಿಗೆ ಧರ್ಮಾಧ್ಯಕ್ಷರಾದರು. ಆದರೆ ಹಗಲಿರುಳು ಜನರೊಡನಿದ್ದು, 1936ರಲ್ಲಿ ಕಾಲವಾಗುವವರೆಗೂ ಸಮುದಾಯವನ್ನು ಸಲಹಿದವರು ಪಾದ್ರಿ ರೋಕ್ ಜೆಫ್ರಿನ್ ನೊರೋನ್ಹಾ. ನಿಷ್ಠೆ ಅಂತಿಯೋಕ್ಯದ ಸಿರಿಯನ್ ಪರಂಪರೆಗೆ ಸಂದರೂ ಪೂಜಾವಿಧಿ ಮಾತ್ರ ಲ್ಯಾಟಿನ್ ಕ್ರಮದ್ದಾಗಿಯೇ ಉಳಿದುದು ಕ್ರೈಸ್ತಲೋಕದಲ್ಲಿ ವಿರಳವಾದ ಸಂಗತಿಯೇ ಸರಿ. 2010ರಲ್ಲಿ ಮಲಂಕರ ಸಭೆಯು ಬ್ರಹ್ಮಾವರದ ಹೆಸರಿನಲ್ಲಿಯೇ ಒಂದು ಧರ್ಮಪ್ರಾಂತ್ಯವನ್ನು ಸ್ಥಾಪಿಸಿತು.