ಲೆಕ್ಕಕ್ಕೆ ಸಿಗದ ಏಳನೇ ದಿನ

ಸಂಸೆಯ ಟೀ ತೋಟದ ಲೈನ್ ಮನೆಯಲ್ಲಿ ಮಳೆಗಾಲದ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಮೊದಲು ಕಳಸಕ್ಕೆ ಓಡಬೇಕು. ಅಲ್ಲಿ ಆಗದು ಎಂದರೆ ಮೂಡಿಗೆರೆ, ಚಿಕ್ಕಮಗಳೂರು; ಇಲ್ಲವೇ ಕುದುರೆಮುಖದ ಘಾಟಿ ಇಳಿದು ಕಾರ್ಕಳ, ಮಣಿಪಾಲ. ಕಳಸದಿಂದ ಚಿಕ್ಕಮಗಳೂರೇ ತೊಂಬತ್ತು ಕಿ.ಮೀ. ಆಸುಪಾಸು. ಇಂಥ ಕಡೆ ತಾಯಂದಿರ ಸಾವಿನ ಮಾತು ಬಂದಾಗಲೆಲ್ಲ ಜನ ರಸ್ತೆಯನ್ನೇ ಬೈಯುತ್ತಾರೆ. ಸರ್ಕಾರವೂ ಬಹುಕಾಲ ದಾರಿಯ ಚಿಂತೆಯಲ್ಲೇ ಇತ್ತು; ಹೆರಿಗೆ ಮಾಡಿಸುವ ಕೈಗಳ ಚಿಂತೆ ಹಿಂದೆ ಬಿತ್ತು.

1946ರಲ್ಲಿ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ಎಣಿಸಿದಾಗ ದೇಶದಲ್ಲಿ ಒಬ್ಬ ನರ್ಸ್‌ಗೆ 43 ಸಾವಿರ ಜನ. ಹೆರಿಗೆಯೆಲ್ಲ ಸೂಲಗಿತ್ತಿಯರ ಕೈಯಲ್ಲೇ. ಆಮೇಲೆ ಬಂದ ಸಹಾಯಕ ನರ್ಸ್-ಸೂಲಗಿತ್ತಿಯರಾದ ಎಎನ್‌ಎಂಗಳಿಗೆ ಹೆರಿಗೆಯೇ ಮುಖ್ಯ ಕಸುಬಾಗಿತ್ತು. 1973ರ ಕರ್ತಾರ್ ಸಿಂಗ್ ಸಮಿತಿ ಅವರನ್ನು ವಿವಿಧೋದ್ದೇಶ ಕಾರ್ಯಕರ್ತೆಯರನ್ನಾಗಿಸಿತು. ಲಸಿಕೆ, ಕುಟುಂಬ ಯೋಜನೆ, ರಿಜಿಸ್ಟರುಗಳ ನಡುವೆ ಅವರ ಹೆರಿಗೆಯ ಕೈ ತಪ್ಪಿಹೋಯಿತು. ನನ್ನ ಪ್ರಕಾರ ದೊಡ್ಡ ಎಡವಟ್ಟು ಆದದ್ದು ಅಲ್ಲೇ. ಮುಂದೆ ಗಮನವೆಲ್ಲ ಆಸ್ಪತ್ರೆಗೆ ಕರೆತರುವುದರತ್ತ ಹೊರಳಿತು: 2005ರಲ್ಲಿ ಆಸ್ಪತ್ರೆ ಹೆರಿಗೆಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆ, 2008ರ ರಾಜ್ಯೋತ್ಸವದ ದಿನ 108 ಆಂಬುಲೆನ್ಸ್ ಬಂದವು. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 213 ಇದ್ದ ತಾಯಿ ಮರಣ (2004–06) 69ಕ್ಕೆ (2018–20) ಇಳಿಯಿತು. ಸಣ್ಣ ಸಾಧನೆಯಲ್ಲ.

ಹೆಂಗಸರೇನೋ ಆಸ್ಪತ್ರೆಗೆ ಬಂದರು. ಪಕ್ಕದಲ್ಲಿ ನಿಲ್ಲುವವರು? ದಿನವಿಡೀ ತೆರೆದಿರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗ್ರಾಮೀಣ ಆರೋಗ್ಯ ಅಭಿಯಾನ ಕೊಟ್ಟದ್ದು ಮೂವರು ಸ್ಟಾಫ್ ನರ್ಸ್. ಮೂರು ಪಾಳಿ, ಮೂರು ಜನ, ಸರಿಹೋಯಿತಲ್ಲ ಎನ್ನಬಹುದು. ಆದರೆ ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೂ ಮೂವರಿಂದ 144. ಮಿಕ್ಕ 24 ಗಂಟೆ, ಅಂದರೆ ವಾರದ ಏಳನೇ ದಿನ ಪೂರಾ, ಹುದ್ದೆಗಳೆಲ್ಲ ಭರ್ತಿಯಾಗಿದ್ದಾಗಲೂ ಯಾರ ಪಾಲಿಗೂ ಇಲ್ಲ. ರಜೆ, ಜ್ವರ, ತರಬೇತಿ ಇದಕ್ಕೆ ಸೇರಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಈ ಕೊರತೆ ಬೇರೆ ಥರ ಕಾಡುತ್ತದೆ. ಬಿ.ಪಿ. ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮೆಗ್ನೀಷಿಯಂ ಸಲ್ಫೇಟ್ ಕೊಡುತ್ತಾರೆ. ಜೀವ ಉಳಿಸುವ ಮದ್ದೇ, ಹೆಚ್ಚಾದರೆ ಉಸಿರು ನಿಲ್ಲಿಸುವ ಮದ್ದೂ ಹೌದು. ನಾಲ್ಕು ಗಂಟೆಗೊಮ್ಮೆ ಮುಂದಿನ ಇಂಜೆಕ್ಷನ್ ಚುಚ್ಚುವ ಮುನ್ನ ಸಿಸ್ಟರ್ ಮೊಣಕಾಲಿಗೆ ತಟ್ಟಿ ನೋಡಬೇಕು, ನಿಮಿಷಕ್ಕೆ ಉಸಿರೆಷ್ಟು ಎಣಿಸಬೇಕು, ಮೂತ್ರದ ಚೀಲ ಅಳೆಯಬೇಕು. ಅಷ್ಟರಲ್ಲಿ ಪಕ್ಕದ ಟೇಬಲ್ಲಿನಲ್ಲಿ ಮಗುವಿನ ತಲೆ ಕಂಡರೆ ಎಣಿಕೆ ಅಲ್ಲಿಗೇ ನಿಂತಿತು.

ನರ್ಸ್‌ಗಳ ಸಂಖ್ಯೆಗೂ ರೋಗಿಗಳ ಸಾವಿಗೂ ಇರುವ ನಂಟನ್ನು 2002ರಲ್ಲಿ ಲಿಂಡಾ ಏಕನ್ ತಂಡ ಅಮೆರಿಕದ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಅಳೆಯಿತು: ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಸಾವಿನ ಸಂಭವ ಶೇ 7ರಷ್ಟು ಹೆಚ್ಚು. ಜನರ ಬದಲು ಪಟ್ಟಿ ಸಾಕಾದೀತೇ? ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಹೆರಿಗೆ ಕೋಣೆಗೆ ತಪಾಸಣಾ ಪಟ್ಟಿ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಕೆಲಸ ಅಚ್ಚುಕಟ್ಟಾಯಿತು, ಸಾವು ಮಾತ್ರ ಇಳಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರದ 'ಲಕ್ಷ್ಯ' ಹೆರಿಗೆ ಕೋಣೆಗಳಿಗೆ ಅಂಕ ಕೊಡುವ ಪದ್ಧತಿ ತಂದಿತು. ಅಂಕಪಟ್ಟಿ ಗೋಡೆಗೆ ಚೆಂದ.

2023ರಲ್ಲಿ ಆಫ್ರಿಕಾದಿಂದ ಒಳ್ಳೆಯ ಸುದ್ದಿ ಬಂತು. ಬಾಣಂತಿಯ ಕೆಳಗೆ ಅಳತೆಗೆರೆ ಹಾಕಿದ ಪ್ಲಾಸ್ಟಿಕ್ ಚೀಲವಿಟ್ಟು, ರಕ್ತಸ್ರಾವ ಬೇಗ ಗುರುತಿಸಿ, ಚಿಕಿತ್ಸೆಯೆಲ್ಲ ಒಟ್ಟಿಗೆ ಶುರುಮಾಡಿದ 'ಇ-ಮೋಟಿವ್' ಪ್ರಯೋಗದಲ್ಲಿ ತೀವ್ರ ರಕ್ತಸ್ರಾವದ ಅನಾಹುತಗಳು ಶೇ 60ರಷ್ಟು ತಗ್ಗಿದವು. ಆ ಚೀಲ ಕಳಸಕ್ಕೂ ಬರಬಹುದು. ಹೆರಿಗೆಯಾದ ಮೊದಲ ಗಂಟೆ, ಕಾಲುಗಂಟೆಗೊಮ್ಮೆ ಯಾರಾದರೂ ಬಗ್ಗಿ ಅದರ ಗೆರೆ ನೋಡಬೇಕು. ಆ ಏಳನೇ ದಿನವೂ.